ಕೋವಿಗೆ ಮಿಲಿಟರಿ ಬಣ್ಣ ಬೇಕೆ?



ಈ ಪುಟದಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ಬೆಲೆ, ಕೊಯಿಲಿಗೆ ಆಳಿನ ಅಭಾವ ಇತ್ಯಾದಿಗಳನ್ನೇ ಓದಿ ರೂಢಿಯಾದ ತಮಗೆ ಈ ಸಲದ ತಲೆಬರಹ ವಿಚಿತ್ರವೆನಿಸಬಹುದು. ಆದರೆ ವಿಷಯ ಸಿಕ್ಕಿದ್ದು ಆಳಿನ ಅಭಾವದ ದಾರಿಯಲ್ಲೇ. ಕಳೆದ ನವೆಂಬರಿನಲ್ಲಿ ಕಾಫಿ ಕೊಯಿಲಿಗೆ ಜನ ಗೊತ್ತುಮಾಡಿಕೊಂಡು ಬರಲೆಂದು ನಾನೂ ನಮ್ಮ ಇಬ್ಬರು ನಿರ್ದೇಶಕರೂ ರಾಯಚೂರು ಜಿಲ್ಲೆಗೆ ಹೋಗಿದ್ದೆವು. ಸಿಂಧನೂರಿನಲ್ಲಿ ಇಳಿದು ವಿಚಾರಿಸಿದಾಗ, ಕಾಲುವೆ ಕೆಳಗಿನ ಊರುಗಳಿಂದ ಯಾರೂ ಬರಲಾರರೆಂಬುದು ಅರ್ಧ ದಿನದಲ್ಲೇ ತಿಳಿಯಿತು. ತುಂಗಭದ್ರಾ ಎಡದಂಡೆಯ ನೀರು ಕಂಡ ಆ ಭಾಗದಲ್ಲಿ ಕಣ್ಣು ಹರಿಯುವಷ್ಟು ದೂರವೂ ಭತ್ತ. ಅವರಿಗೇ ಆಳು ಸಾಲದು. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗಿ, ಮಳೆಯನ್ನೇ ನಂಬಿದ ಭೂಮಿಗಳಿವೆ, ಅಲ್ಲಿ ಕೇಳಿ ಎಂದರು. ಹಾಗೆಯೇ ಹೋದೆವು. ತೊಗರಿ ಹೂ ಕಚ್ಚಿತ್ತು, ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು. ಕೊನೆಗೆ ಲಿಂಗಸುಗೂರು ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಹನ್ನೆರಡು ಕುಟುಂಬ ಬರಲು ಒಪ್ಪಿದವು.

ಆ ರಾತ್ರಿ ನಮ್ಮನ್ನು ಊಟಕ್ಕೆ ಕರೆದವರು ಆ ಊರಿನ ಒಬ್ಬ ರೈತರು. ಇಪ್ಪತ್ತು ಎಕರೆ ಎರೆಭೂಮಿ, ಎರಡು ಎತ್ತು, ಒಂದು ಟ್ರ್ಯಾಕ್ಟರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮಾತು ಸಹಜವಾಗಿಯೇ ಹಂದಿಯ ಕಡೆ ತಿರುಗಿತು. ರೈತರು ಎಲ್ಲಿ ಕೂತರೂ ಈಗ ಹತ್ತು ನಿಮಿಷದೊಳಗೆ ಮಾತು ಹಂದಿಗೆ ಬಂದು ನಿಲ್ಲುತ್ತದಷ್ಟೆ! ನಮ್ಮಲ್ಲಿ ಬಾಳೆ, ಅಡಿಕೆ ಸಸಿ, ಗದ್ದೆ. ಅವರಲ್ಲಿ ಶೇಂಗಾ ಮತ್ತು ಜೋಳ. ಹಂದಿಯ ಜೊತೆಗೆ ಚಿಗರಿ ಹಿಂಡಿನ ಕಾಟವೂ ಅವರಿಗುಂಟು. ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ, ಡಬ್ಬ ಬಡಿಯುತ್ತಾರೆ, ರಾತ್ರಿಯೆಲ್ಲ ಬ್ಯಾಟರಿ ಬಿಡುತ್ತಾರೆ. ಮನೆಯಲ್ಲಿ ಲೈಸೆನ್ಸಿನ ಬಂದೂಕೂ ಇದೆ ಎಂದು ಯಜಮಾನರು ಹೇಳಿದರು. ಅವರ ತಂದೆ ಕೊಂಡ ಈಶಾಪುರ ಕಾರ್ಖಾನೆಯ .315 ರೈಫಲು. ನೋಡಬೇಕೆಂದೆ. ಅವರು ಸ್ವಲ್ಪ ಮುಖ ಸಣ್ಣದು ಮಾಡಿಕೊಂಡು ಮಗನ ಕಡೆ ನೋಡಿದರು.

ಮಗ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ದಸರೆ ರಜೆಗೆ ಬಂದವನು ಇನ್ನೂ ಹೋಗಿರಲಿಲ್ಲ. ಒಳಗಿನಿಂದ ತಂದು ಗೋಧಿ ಚೀಲದ ಮೇಲೆ ಇಟ್ಟ. ನಾನು ಮೊದಲಿಗೆ ಆಟಿಕೆ ಎಂದುಕೊಂಡೆ. ನಳಿಗೆ, ಮರದ ದಸ್ತು, ಬೋಲ್ಟು, ನೆತ್ತಿಯ ಗುರಿಕಣ್ಣು, ಚರ್ಮದ ಪಟ್ಟಿ ಸಮೇತ ಇಡೀ ಕೋವಿಗೆ ಮಿಲಿಟರಿಯವರ ಅಂಗಿಯ ಹಾಗೆ ಬಣ್ಣ ಬಳಿದಿತ್ತು. ಕೆಳಗೆ ಒಣಮಣ್ಣಿನ ಬಣ್ಣ. ಅದರ ಮೇಲೆ ಹಸಿರು ಮತ್ತು ಕಂದು ತೇಪೆಗಳು. ಆ ತೇಪೆಗಳ ಮೇಲೆ ಸ್ಪಷ್ಟವಾಗಿ ಕಾಣುವ ಎಲೆಯ ಗುರುತುಗಳು. ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪಲೇಬೇಕು. ಹೇಗೆ ಮಾಡಿದೆಯಪ್ಪಾ ಎಂದು ಕೇಳಿದೆ.

ಹುಡುಗ ಉತ್ಸಾಹದಿಂದ ಹೇಳಿದ. ಮೊದಲು ಪೆಟ್ರೋಲಿನಲ್ಲಿ ಒರೆಸಿ ಎಣ್ಣೆ ಜಿಡ್ಡು ತೆಗೆದನಂತೆ. ನಳಿಗೆಯ ಬಾಯಿಗೆ ಕಾಗದ ತುರುಕಿದ. ಸಿಂಧನೂರಿನ ಅಂಗಡಿಯಿಂದ ಮೂರು ಡಬ್ಬಿ ಸ್ಪ್ರೇ ಬಣ್ಣ ತಂದ. ಮೋಟಾರು ಸೈಕಲ್ ಟ್ಯಾಂಕಿಗೆ ಹೊಡೆಯುವಂಥದ್ದು, ಹೊಳಪಿಲ್ಲದ ಜಾತಿ. ಹಿತ್ತಲಿನಲ್ಲಿ ಹಗ್ಗಕ್ಕೆ ನೇತುಹಾಕಿ ಒಂದು ಮೊಳ ದೂರದಿಂದ ತೆಳ್ಳಗೆ ಒಂದು ಕೋಟು ಕೊಟ್ಟು ಒಣಗಲು ಬಿಟ್ಟ. ಆಮೇಲೆ ಬೇವಿನ ಕಡ್ಡಿಯನ್ನು ಎಲೆಸಮೇತ ಅದರ ಮೇಲೆ ಒತ್ತಿ ಹಿಡಿದು ಹಸಿರು ಹೊಡೆದ. ಎಲೆ ತೆಗೆದರೆ ಎಲೆಯ ಆಕಾರ ಉಳಿಯಿತು. ಈರುಳ್ಳಿ ತುಂಬುವ ಬಲೆ ಚೀಲವನ್ನು ಸುತ್ತಿ ಕಂದು ಹೊಡೆದಲ್ಲಿ ಹಾವಿನ ಪೊರೆಯಂತಹ ಗುರುತು ಬಂತು. ವಿದೇಶದ ಬೇಟೆಗಾರರೂ ಸೈನಿಕರೂ ಹೀಗೇ ಮಾಡುವುದನ್ನು ಫೋನಿನಲ್ಲಿ ನೋಡಿ ಕಲಿತನಂತೆ. ಬೋರ್ಡೋ ಸಿಂಪಡಣೆಯಲ್ಲಿ ಕೂದಲು ನರೆಸಿಕೊಂಡ ನಮ್ಮ ನಿರ್ದೇಶಕರೊಬ್ಬರು, ಇಷ್ಟು ಸಮನಾಗಿ ನಮ್ಮ ಮದ್ದು ಹೊಡೆಯುವವರು ಅಡಿಕೆ ಗೊನೆಗೆ ಹೊಡೆದರೆ ಕೊಳೆಯೇ ಬರುತ್ತಿರಲಿಲ್ಲ ಎಂದರು. ಎಲ್ಲರೂ ನಕ್ಕೆವು.

"ಯಾತಕ್ಕಪ್ಪಾ ಇದು?" ಎಂದೆ.

"ಹಂದಿಗಿ ಕಾಣಬಾರ್ದಲ್ರಿ ಸಾಹೇಬ್ರ" ಎಂದ.

ಹಂದಿಗೆ ಕಾಣಬಾರದು! ಊರಿಗೆ ಹಿಂದಿರುಗುವ ದಾರಿಯುದ್ದಕ್ಕೂ ಈ ಮಾತು ನನ್ನನ್ನು ಕಾಡಿತು. ಯಾಕೆಂದರೆ ನಮ್ಮ ಕಡೆಯೂ ಈ ಶೋಕಿ ಶುರುವಾಗಿರುವುದು ನನಗೆ ಗೊತ್ತು. ಮಿಲಿಟರಿ ಚುಕ್ಕೆಯ ಟೋಪಿ, ಪ್ಯಾಂಟು ಹಾಕಿ ತೋಟ ಸುತ್ತುವ ಯುವಕರು ಪ್ರತಿ ಗ್ರಾಮದಲ್ಲೂ ಇದ್ದಾರೆ. ಕೋವಿಯ ದಸ್ತಿಗೆ ಬಣ್ಣದ ಟೇಪು ಸುತ್ತಿದವರನ್ನೂ ನೋಡಿದ್ದೇನೆ. ಆದ್ದರಿಂದ ಲಿಂಗಸುಗೂರಿನ ಹುಡುಗನಿಗೆ ಹೇಳಿದ್ದನ್ನು ಇಲ್ಲಿಯೂ ಹೇಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಈ ವಿದ್ಯೆ ಹುಟ್ಟಿದ್ದು ಮನುಷ್ಯನ ಕಣ್ಣಿಗೆ ಮಣ್ಣೆರಚುವುದಕ್ಕೆ. ಹಿಂದೆ ಬ್ರಿಟಿಷರ ಸಿಪಾಯಿಗಳು ಕೆಂಪು ಕೋಟು ತೊಟ್ಟೇ ಯುದ್ಧಕ್ಕೆ ಹೋಗುತ್ತಿದ್ದರು. ದೂರದಿಂದ ಗುರಿಯಿಟ್ಟು ಹೊಡೆಯುವ ಬಂದೂಕುಗಳು ಬಂದ ಮೇಲೆ ಕೆಂಪು ಕೋಟು ಸಾವಿನ ಕೋಟಾಯಿತು. ಮಣ್ಣಿನ ಬಣ್ಣಕ್ಕೆ ಬಂದರು. ಖಾಕಿ ಎಂಬ ಮಾತಿನ ಅರ್ಥವೇ ಧೂಳಿನ ಬಣ್ಣ ಎಂದು. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ನೇಯ್ಗೆಗಾರರು 1850ರ ದಶಕದಲ್ಲೇ ಖಾಕಿ ಬಟ್ಟೆ ಮಾಡುತ್ತಿದ್ದರೆಂಬುದು ತಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಲಿಂಗಸುಗೂರು ಕೂಡ ಆ ಕಾಲದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ದಂಡು ಬೀಡುಬಿಟ್ಟಿದ್ದ ಊರು. ಮುಂದೆ 1914ರ ಮಹಾಯುದ್ಧದಲ್ಲಿ ಫ್ರೆಂಚರು ಚಿತ್ರಕಾರರನ್ನೇ ಸೈನ್ಯಕ್ಕೆ ಸೇರಿಸಿಕೊಂಡು ಫಿರಂಗಿಗಳಿಗೆ ತೇಪೆ ತೇಪೆ ಬಣ್ಣ ಬಳಿಸಿದರು. ತೇಪೆಗಳು ವಸ್ತುವಿನ ಅಂಚನ್ನು ಒಡೆದುಬಿಡುತ್ತವೆ. ನೋಡುವವನ ಕಣ್ಣು ಇದು ಫಿರಂಗಿ ಎಂದು ಗುರುತಿಸದೆ ಪೊದೆ ಎಂದು ಮುಂದೆ ಸರಿಯುತ್ತದೆ. ಈಚಿನ ಇರಾಕ್, ಆಫ್ಘಾನಿಸ್ಥಾನದ ಯುದ್ಧಗಳಲ್ಲಿ ಅಮೆರಿಕದ ಸಿಪಾಯಿಗಳು ತಮ್ಮ ಕರಿಯ ರೈಫಲುಗಳಿಗೆ ಡಬ್ಬಿ ಬಣ್ಣ ಹೊಡೆದುಕೊಂಡದ್ದೂ ಇದಕ್ಕೇ. ಮರಳುಗಾಡಿನಲ್ಲಿ ಉದ್ದನೆಯ ಕರೀ ಗೆರೆ ಎಂಬುದು ಇರುವುದಿಲ್ಲ. ಇದ್ದರೆ ಅದು ಕೋವಿ. ಎದುರಿಗಿರುವವನೂ ಮನುಷ್ಯ, ಅವನ ಕೈಯಲ್ಲೂ ಕೋವಿ. ಅಲ್ಲಿ ಅದು ನ್ಯಾಯ.

ನಮ್ಮ ಹೊಲದಲ್ಲಿ, ತೋಟದಲ್ಲಿ ಎದುರಿಗಿರುವುದು ಯಾರು? ಹಂದಿ. ಹಂದಿ ಬರುವುದು ಕತ್ತಲಾದ ಮೇಲೆ. ಅದರ ಕಣ್ಣು ಮೊದಲೇ ಮಂದ. ಬಣ್ಣಗಳಲ್ಲಿ ನೀಲಿ ಒಂದು, ಹಸಿರು ಹಳದಿಯ ಕಡೆಯದು ಒಂದು, ಈ ಎರಡು ಬಗೆಯನ್ನು ಮಾತ್ರ ಅದು ಬೇರ್ಪಡಿಸಬಲ್ಲದು. ಕೆಂಪು ಅದಕ್ಕೆ ಕೆಂಪಾಗಿ ಕಾಣುವುದೇ ಇಲ್ಲ. ಜಿಂಕೆ, ಚಿಗರಿಗಳ ಕಣ್ಣು ಚುರುಕು, ಅದರಲ್ಲೂ ಚಲನೆಯನ್ನು ಅವು ಬಹಳ ದೂರದಿಂದ ಹಿಡಿಯುತ್ತವೆ. ಬಣ್ಣದ ವಿಷಯದಲ್ಲಿ ಅವೂ ಹಂದಿಯ ಜಾತಿಯೇ. ಹಂದಿಯ ನಿಜವಾದ ಕಣ್ಣು ಅದರ ಮೂಗು. ಗಾಳಿ ಬೆನ್ನಿಗಿದ್ದರೆ ನೀವು ಕೋವಿಗೆ ಎಂಥ ಚಿತ್ತಾರ ಬರೆದಿದ್ದರೂ ಒಂದು ಫರ್ಲಾಂಗು ದೂರದಿಂದಲೇ ಗುಟುರು ಹಾಕಿ ಹೋಗುತ್ತದೆ. ಮೂರು ದಿನದ ಹಿಂದೆ ಹೊಡೆದ ಬಣ್ಣದ ವಾಸನೆಯೇ ಅದಕ್ಕೆ ಡಂಗುರ ಸಾರಿದಂತೆ. ಅಂದಮೇಲೆ ಈ ಬಣ್ಣ ಯಾರಿಗೆ ಕಾಣದಂತೆ ಮಾಡುತ್ತದೆ? ಪಕ್ಕದ ತೋಟದವನಿಗೆ, ಬೆಳಗಿನ ಜಾವ ಅಡಿಕೆ ಹೆಕ್ಕಲು ಬರುವ ಆಳಿಗೆ, ನೀರು ಬಿಡಲು ಕಾಲುವೆ ಏರಿಯ ಮೇಲೆ ನಡೆಯುವ ಗೌಡನಿಗೆ.

ಬಣ್ಣ ಹಚ್ಚುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನಲ್ಲಿ 2019ರಲ್ಲಿ ಒಬ್ಬ ಬೆಳೆಗಾರರು ತಮ್ಮ ನಾಯಿಗೆ ತಲೆಗೂದಲ ಬಣ್ಣದಿಂದ ಹುಲಿಪಟ್ಟೆ ಬರೆದು ತೋಟಕ್ಕೆ ಬಿಟ್ಟದ್ದು ದೇಶವಿಡೀ ಸುದ್ದಿಯಾಯಿತು. ಕಾಫಿ, ಅಡಿಕೆ ಹಾಳುಮಾಡುತ್ತಿದ್ದ ಮಂಗಗಳು ಹೆದರಿ ಓಡಿದವೆಂದು ಅವರು ಹೇಳಿದ್ದರು. ಕೆಲವರು ನಕ್ಕರು. ನನಗೆ ಅದರಲ್ಲಿ ಬುದ್ಧಿ ಕಂಡಿತು. ಮಂಗನ ಕಣ್ಣು ನಮ್ಮ ಕಣ್ಣಿನಂತೆಯೇ ಕೆಂಪು, ಹಸಿರು, ನೀಲಿ ಮೂರನ್ನೂ ಬಲ್ಲದು. ಹಸಿರಿನ ನಡುವೆ ಕಿತ್ತಳೆ ಬಣ್ಣದ ಪಟ್ಟೆ ಅದಕ್ಕೆ ಎದ್ದು ಕಾಣುತ್ತದೆ. ಅದೇ ನಾಯಿಯನ್ನು ಹಂದಿಯ ಮುಂದೆ ಬಿಟ್ಟಿದ್ದರೆ ನಾಯಿಯಾಗಿಯೇ ಕಾಣುತ್ತಿತ್ತು. ಅದಿರಲಿ, ಅಲ್ಲಿ ಬಣ್ಣ ಹಚ್ಚಿದ್ದು ಕಾಣಲೆಂದು.

ಇಷ್ಟು ಖಚಿತವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ಕಾಣದಂತೆ ಕೂತು ಉಳಿದುಕೊಂಡವನು ನಾನು. ಇದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ. ಮನೆಯಲ್ಲಿಯೂ ಅರ್ಧ ಮಾತ್ರ ಹೇಳಿದ್ದೇನೆ. 1998ರ ಅಕ್ಟೋಬರು. ಡಿಗ್ರಿ ಮುಗಿಸಿ ಊರಿಗೆ ಬಂದು ತೋಟ ನೋಡಿಕೊಳ್ಳಲು ಆರಂಭಿಸಿ ಏಳೆಂಟು ವರ್ಷವಾಗಿತ್ತು. ಗದ್ದೆ ಹೊಡೆ ಕಡಿಯುವ ಹೊತ್ತು. ಮೂರು ರಾತ್ರಿ ಸಾಲಾಗಿ ಹಂದಿ ಬಿದ್ದು ಅರ್ಧ ಎಕರೆ ಹಾಸಿಗೆ ಹಾಸಿದಂತೆ ಮಾಡಿತ್ತು. ನಾಲ್ಕನೆಯ ರಾತ್ರಿ ನಾನು ಅಪ್ಪಯ್ಯನ ಕೇಪಿನ ಕೋವಿ ತೆಗೆದುಕೊಂಡು ಹಳ್ಳದಂಚಿನ ಮುಂಡುಗದ ಹಿಂಡಿನಲ್ಲಿ ಮರಸು ಕೂತೆ. ತಲೆಯಿಂದ ಕಾಲಿನವರೆಗೆ ಕರೀ ಕಂಬಳಿ. ಕೋವಿಯ ನಳಿಗೆಗೆ ಮಿಂಚಬಾರದೆಂದು ಮಸಿ ಮತ್ತು ಕೆಸರು ಬಳಿದಿದ್ದೆ. ಡಬ್ಬಿ ಬಣ್ಣ ಆಗ ನನಗೆ ಸಿಕ್ಕಿದ್ದರೆ ಅದನ್ನೇ ಹೊಡೆಯುತ್ತಿದ್ದೆನೋ ಏನೋ. ಹಳ್ಳದ ಆಚೆ ದಡದ ಗದ್ದೆ ನಮ್ಮ ನೆರೆಯವರದ್ದು. ಅವರಿಗೂ ಅದೇ ಹಂದಿ, ಅದೇ ನಷ್ಟ, ಅದೇ ಸಿಟ್ಟು. ಅವರೂ ಆ ರಾತ್ರಿ ಕೂತಿದ್ದರು. ನಾನು ಅವರಿಗೆ ಹೇಳಿರಲಿಲ್ಲ, ಅವರು ನನಗೆ ಹೇಳಿರಲಿಲ್ಲ.

ಎರಡು ಗಂಟೆಯ ಸುಮಾರಿಗೆ ಕಾಲು ಜೋಮು ಹಿಡಿದು ಮಗ್ಗುಲು ಬದಲಿಸಿದೆ. ಮುಂಡುಗ ಸರಬರ ಎಂದಿತು. ಆಚೆ ದಡದಲ್ಲಿ ಕುದುರೆ ಎಳೆದ ಸದ್ದು ಕೇಳಿಸಿತು. ಕೋವಿ ಬಲ್ಲವರಿಗೆ ಆ ಸದ್ದನ್ನು ವಿವರಿಸಬೇಕಿಲ್ಲ. ಕೂಗೋಣವೆಂದರೆ ಗಂಟಲು ಒಣಗಿತ್ತು. ಅದೃಷ್ಟಕ್ಕೆ ಆ ದಿನ ನನಗೆ ನೆಗಡಿ. ತಡೆಯಲಾರದೆ ಕೆಮ್ಮು ಬಂತು. ಒಂದು ನಿಮಿಷ ಎರಡು ದಡದಲ್ಲೂ ನಿಶ್ಶಬ್ದ. ಆಮೇಲೆ ಆಚೆಯಿಂದ, ನನ್ನ ಮನೆಯ ಹೆಸರು ಹಿಡಿದು ಯಾರೋ ಅಳುವ ದನಿಯಲ್ಲಿ ಕರೆದರು. ಬ್ಯಾಟರಿ ಬಿಟ್ಟು ನೋಡಿದರೆ ಅವರು ಕೋವಿಯನ್ನು ನೆಲಕ್ಕೆ ಹಾಕಿ ಕೂತುಬಿಟ್ಟಿದ್ದರು. ಇಪ್ಪತ್ತು ಮಾರು ದೂರ, ತಪ್ಪುವ ಈಡಲ್ಲ. ಅವರು ನನಗಿಂತ ಇಪ್ಪತ್ತು ವರ್ಷ ಹಿರಿಯರು, ನನ್ನ ಉಪನಯನದಲ್ಲಿ ಬಡಿಸಿದವರು. ಆಮೇಲೆ ಅವರು ಬದುಕಿದ್ದಷ್ಟು ಕಾಲವೂ ನಾವು ದಿನಾ ಮಾತಾಡಿದೆವು. ಆ ರಾತ್ರಿಯ ಬಗ್ಗೆ ಒಂದು ಸಲವೂ ಮಾತಾಡಲಿಲ್ಲ. ಅವರು ಮತ್ತೆ ಕೋವಿ ಹಿಡಿಯಲೂ ಇಲ್ಲ.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಹಂದಿಯೆಂದು ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿಯನ್ನು ನಾವು ಆಗಾಗ್ಗೆ ಓದುತ್ತಲೇ ಇದ್ದೇವೆ. ಹೊಡೆದವನು ಕೊಲೆಗಡುಕನಲ್ಲ, ಹೆಚ್ಚಾಗಿ ನೆಂಟನೋ ಗೆಳೆಯನೋ ಆಗಿರುತ್ತಾನೆ. ಎರಡು ಮನೆ ಹಾಳು. ಸತ್ತವನು ಕಂಡಿದ್ದರೆ ಸಾಯುತ್ತಿರಲಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಬೇಟೆಗೆ ಹೋಗುವವನು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿಯನ್ನೋ ಟೋಪಿಯನ್ನೋ ತೊಡಲೇಬೇಕೆಂದು ಕಾನೂನೇ ಇದೆ. ಜಿಂಕೆಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಮನುಷ್ಯನಿಗೆ ಮಾತ್ರ ಕಾಣುತ್ತದೆ. ನಮ್ಮ ಹುಡುಗರು ಫೋನಿನಲ್ಲಿ ಅಲ್ಲಿಯ ಬಣ್ಣದ ಕೋವಿಯನ್ನು ನೋಡಿದರು, ಹಿಂದೆ ನಿಂತವನ ಕಿತ್ತಳೆ ಅಂಗಿಯನ್ನು ನೋಡಲಿಲ್ಲ!

ಇನ್ನು ಕಾನೂನಿನ ವಿಷಯ. ಲಿಂಗಸುಗೂರಿನಲ್ಲಿ ನಾನು ಕೇಳಿದ ಎರಡನೆಯ ಪ್ರಶ್ನೆ, ನಂಬರು ಎಲ್ಲಿ ಎಂದು. ಕಾರ್ಖಾನೆಯವರು ನಳಿಗೆಯ ಬುಡದಲ್ಲಿ ಕೊರೆದ ಅಂಕಿಗಳು ಮೂರು ಕೋಟು ಬಣ್ಣದ ಕೆಳಗೆ ತುಂಬಿಹೋಗಿದ್ದವು. ಬೆರಳಿನಿಂದ ಸವರಿದರೂ ಸಿಗಲಿಲ್ಲ. 1959ರ ಆಯುಧ ಕಾಯ್ದೆಯ 8ನೆಯ ಕಲಮಿನ ಪ್ರಕಾರ ಕೋವಿಯ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದು, ತೆಗೆಯುವುದು, ಬದಲಿಸುವುದು ಅಪರಾಧ. ಬಣ್ಣ ಮುಚ್ಚಿದ್ದು ಅಳಿಸಿದಂತೆ ಅಲ್ಲವೆಂದು ತಾವು ವಾದಿಸಬಹುದು, ವಕೀಲರೂ ಸಿಕ್ಕಾರು. ಆದರೆ ಚುನಾವಣೆ ಬಂತು, ಕೋವಿ ಠಾಣೆಗೆ ಇಡಬೇಕಾಯಿತು. ಅಥವಾ ನವೀಕರಣಕ್ಕೆ ತಂದು ತೋರಿಸಿ ಎಂದರು ಎನ್ನಿ. ಲೈಸೆನ್ಸು ಪುಸ್ತಕದಲ್ಲಿರುವ ನಂಬರನ್ನು ಕೋವಿಯ ಮೇಲೆ ತೋರಿಸಲಾಗದೆ ನಿಂತ ಬೆಳೆಗಾರನ ಮಾತನ್ನು ಕೇಳುವಷ್ಟು ವ್ಯವಧಾನ ಯಾರಿಗಿರುತ್ತದೆ? 2019ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಅದು ಸಂತೋಷದ ಮಾತು. ಒಬ್ಬನ ಹೆಸರಿನಲ್ಲಿ ಇರಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿಯಿತು. ಸರ್ಕಾರ ಸಡಿಲಿಸುವ ದಿಕ್ಕಿನಲ್ಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಕೊಡಗಿನ ಓದುಗರು ನಮಗೆ ಲೈಸೆನ್ಸೇ ಬೇಡವಲ್ಲ ಎನ್ನಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ವಿನಾಯಿತಿ ಲೈಸೆನ್ಸಿನಿಂದ, ನಂಬರಿನ ಕಲಮಿನಿಂದ ಅಲ್ಲ. ಅಂಥ ಗೌರವ ಇರುವಲ್ಲಿ ಎಚ್ಚರವೂ ಹೆಚ್ಚು ಬೇಕೆಂಬುದು ನನ್ನ ಅಭಿಪ್ರಾಯ. ಅಂದಹಾಗೆ ಕೋವಿಯನ್ನು ಸಿಂಗರಿಸುವ ಪದ್ಧತಿ ನಮ್ಮ ನಾಡಿನಲ್ಲಿ ಇರುವುದು ಕೊಡಗಿನಲ್ಲೇ: ಕೈಲ್‌ಪೊಳ್ದಿನ ದಿನ ಕೋವಿಯನ್ನು ತಿಕ್ಕಿ, ಎಣ್ಣೆ ಹಚ್ಚಿ, ನೆಲ್ಲಕ್ಕಿ ಬಾಡೆಯಲ್ಲಿಟ್ಟು ತೋಕ್ ಪೂ ಮುಡಿಸುತ್ತಾರೆ. ನಾವು ಅಗ್ನಿಶಿಖೆ ಎನ್ನುವ ಹೂ ಅದು. ಕೆಂಪು, ಹಳದಿ, ಬೆಂಕಿಯ ಹಾಗೆ ಹತ್ತು ಮಾರು ದೂರಕ್ಕೂ ಕಾಣುತ್ತದೆ.

ಅರಣ್ಯ ಇಲಾಖೆಯ ಕಡೆಯಿಂದಲೂ ಯೋಚಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಕಾಡುಹಂದಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಚಿಗರಿ ಮೊದಲಿನಿಂದಲೂ ಒಂದನೆಯದರಲ್ಲಿ. ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಬೆಳೆ ಹಾಳುಮಾಡಿತೆಂಬ ಕಾರಣಕ್ಕೆ ಹಂದಿಯನ್ನು ಹೊಡೆಯುವಂತಿಲ್ಲ. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಯ ಪ್ರಸಂಗ ಬೇರೆ. ಈ ಕಾಯ್ದೆ ಬೆಳೆಗಾರನಿಗೆ ನ್ಯಾಯ ಮಾಡಿದೆಯೆಂದು ನಾನು ಒಪ್ಪುವುದಿಲ್ಲ. ಈ ಪುಟದಲ್ಲಿಯೇ ಅದನ್ನು ಹಿಂದೆ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಆದರೆ ಇರುವ ಕಾನೂನಿನಲ್ಲಿ ನಮ್ಮ ಬೆಳೆರಕ್ಷಣೆಯ ಕೋವಿಗೆ ಉಳಿದಿರುವ ಕೆಲಸ ಸದ್ದು ಮಾಡುವುದು, ಹೆದರಿಸುವುದು. ಸದ್ದು ಮಾಡುವ ವಸ್ತುವನ್ನು ಬಚ್ಚಿಡುವುದೇಕೆ? ಮಿಲಿಟರಿ ಬಣ್ಣದ ಕೋವಿಯೊಂದಿಗೆ, ಮಿಲಿಟರಿ ಚುಕ್ಕೆಯ ಬಟ್ಟೆ ಹಾಕಿ ಕಾಡಂಚಿನಲ್ಲಿ ಸಿಕ್ಕಿಬಿದ್ದವನನ್ನು ಯಾವ ಗಾರ್ಡೂ ಬೆಳೆ ಕಾಯುವವನೆಂದು ಬರೆದುಕೊಳ್ಳುವುದಿಲ್ಲ. ಬೇಟೆಗಾರ ಎಂದೇ ಬರೆದುಕೊಳ್ಳುತ್ತಾನೆ. ನಮ್ಮ ಕೈಯಾರೆ ಅವನಿಗೆ ಸಾಕ್ಷಿ ಒದಗಿಸಿದಂತೆ. ನಿಜವಾದ ಸೈನ್ಯದವರೂ ತಮ್ಮ ಬಟ್ಟೆಯ ವಿನ್ಯಾಸದ ವಿಷಯದಲ್ಲಿ ಈಗ ಬಿಗಿಯಾಗಿದ್ದಾರೆ. 2022ರ ಜನವರಿಯಲ್ಲಿ ತಂದ ಹೊಸ ಚುಕ್ಕೆ ವಿನ್ಯಾಸವನ್ನು ತಮ್ಮ ಹಕ್ಕಿನ ಸ್ವತ್ತೆಂದು ನೋಂದಾಯಿಸಿದ್ದಾರೆ.

ಮೂರನೆಯದಾಗಿ ಆ ಹುಡುಗನನ್ನು ಕೇಳಿದ ಒಂದು ಪ್ರಶ್ನೆ ಉಳಿದಿದೆ. ಪೆಟ್ರೋಲಿನಲ್ಲಿ ಒರೆಸುವ ಮೊದಲು ಬೋಲ್ಟು ಎಳೆದು ಒಳಗೆ ನೋಡಿದೆಯಾ ಎಂದೆ. ಸುಮ್ಮನಾದ. ಅಪ್ಪನ ಮುಖ ನೋಡಿದ. ಬಣ್ಣ ಹೊಡೆದ ದಿನ ಅಪ್ಪ ಮನೆಯಲ್ಲಿರಲಿಲ್ಲ, ಭತ್ತದ ಹುಲ್ಲು ತರಲು ಸಿಂಧನೂರಿಗೆ ಹೋಗಿದ್ದರು. ಎರಡನೆಯ ಕೋಟು ಹೊಡೆದಾದ ಮೇಲೆ ಬೋಲ್ಟು ಅಂಟಿಕೊಳ್ಳಬಾರದೆಂದು ಎಳೆದನಂತೆ. ಆಗ ಒಂದು ತೋಟೆ ಹೊರಗೆ ಹಾರಿಬಿತ್ತು. ಹಗ್ಗಕ್ಕೆ ನೇತುಹಾಕಿದ ಕೋವಿಯ ಮುಂದೆ ಆ ಬೆಳಿಗ್ಗೆಯೆಲ್ಲ ಅವನ ತಂಗಿ ಬಟ್ಟೆ ಒಗೆಯುತ್ತ ಕೂತಿದ್ದಳು. ಇದನ್ನು ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೊರಗೆ ಹೋದರು.

ಕೋವಿ ಲೈಸೆನ್ಸು ಇರುವುದು ಒಬ್ಬರ ಹೆಸರಿನಲ್ಲಿ. ಅವರ ಸಮಕ್ಷಮದಲ್ಲಿ, ಇಲ್ಲವೇ ರಿಪೇರಿಗೋ ನವೀಕರಣಕ್ಕೋ ಒಯ್ಯಲು ಅವರು ಬರೆದುಕೊಟ್ಟ ಅಧಿಕಾರಪತ್ರದ ಮೇಲೆ ಮಾತ್ರ ಇನ್ನೊಬ್ಬರು ಅದನ್ನು ಹಿಡಿಯಬಹುದು. ಮಗ, ತಮ್ಮ, ಅಳಿಯ ಎಂಬ ಭೇದ ಕಾಯ್ದೆಯಲ್ಲಿಲ್ಲ. ನಮ್ಮ ಮನೆಗಳಲ್ಲಿ ಅದು ಬಾಗಿಲ ಹಿಂದೆ ಕೊಡೆಯ ಜೊತೆ ನಿಂತಿರುತ್ತದೆ. ಇದನ್ನು ಬರೆಯುವಾಗ ನಾನೂ ಎದ್ದು ಹೋಗಿ ನಮ್ಮ ಮನೆಯದನ್ನು ನೋಡಿ ಬಂದೆ.

ಕೋವಿಯ ಆರೋಗ್ಯದ ದೃಷ್ಟಿಯಿಂದ ಒಂದೆರಡು ಮಾತು. ಉಕ್ಕಿಗೆ ಕಾರ್ಖಾನೆಯವರು ಕೊಟ್ಟ ನೀಲಗಪ್ಪು ಲೇಪ ಎಣ್ಣೆ ಹಿಡಿದಿಟ್ಟುಕೊಳ್ಳಲೆಂದೇ ಇರುವುದು. ಅದರ ಮೇಲೆ ಬಣ್ಣ ಕೂತರೆ ಎಣ್ಣೆ ಒಳಗೆ ಇಳಿಯದು. ನಳಿಗೆ ಒರೆಸುವ ಎಣ್ಣೆ ಸೋಕಿದಲ್ಲಿ ಬಣ್ಣ ಮೆತ್ತಗಾಗಿ ಎದ್ದು, ಅದರಡಿ ನೀರು ಕೂತು ತುಕ್ಕು ಹರಿಯುತ್ತದೆ. ಲಿಂಗಸುಗೂರಿನ ಒಣಹವೆಯಲ್ಲಿ ಇದಕ್ಕೆ ವರ್ಷಗಳು ಬೇಕಾದಾವು, ನಮ್ಮ ಆಷಾಢಕ್ಕೆ ಒಂದು ತಿಂಗಳು ಸಾಕು. ಮೇಲೆ ಎಲೆಯ ಚಿತ್ತಾರ ಚಂದವಾಗಿಯೇ ಇರುತ್ತದೆ, ಕೆಳಗೆ ಉಕ್ಕು ಗೆದ್ದಲು ತಿಂದ ದಬ್ಬೆ. ಕುದುರೆ, ಬೋಲ್ಟು, ಗುಂಡಿಯ ಸಂದುಗಳಿಗೆ ಬಣ್ಣ ಇಳಿದರೆ ಅಂಟು ಹಿಡಿದು, ಹಾರಬೇಕಾದಾಗ ಹಾರದೆ, ಹಾರಬಾರದಾಗ ಹಾರಬಹುದು. ಮರದ ದಸ್ತಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಸಾಕು. ಉಳಿದ ಸ್ಪ್ರೇ ಡಬ್ಬಿಗಳ ಒಳಗಿರುವುದು ಒತ್ತಿ ತುಂಬಿದ, ಹೊತ್ತಿಕೊಳ್ಳುವ ಅನಿಲ. ಅವನ್ನು ಬಿಸಿಲಿನಲ್ಲಿ, ಒಲೆಯ ಅಟ್ಟದಲ್ಲಿ ಇಡಬಾರದು.

ಮಾರನೆಯ ದಿನ ಹಿಂದಿರುಗುವಾಗ ಮಸ್ಕಿಯಲ್ಲಿ ಒಂದು ಗಂಟೆ ನಿಂತೆವು. ಬೆಟ್ಟದ ಬುಡದಲ್ಲಿ ಅಶೋಕನ ಶಾಸನವಿರುವ ಬಂಡೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರರು ಅದನ್ನು ಕಂಡರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ ಮುಂತಾದ ಬಿರುದುಗಳು ಮಾತ್ರ ಇದ್ದವು. ಆ ರಾಜ ಯಾರೆಂಬ ಚರ್ಚೆಗೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರು ಓದಿದ ಮೇಲೆ. ಆಮೇಲೆ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ನಮ್ಮ ನಿರ್ದೇಶಕರು ಬಂಡೆಯ ಮುಂದೆ ನಿಂತು, ಇಷ್ಟು ಶತಮಾನ ಉಳಿದ ಹೆಸರಿನ ಮೇಲೂ ಆ ಹುಡುಗ ಮೂರು ಕೋಟು ಹೊಡೆದಾನು ಎಂದರು. ಪುಣ್ಯಕ್ಕೆ ಅಲ್ಲಿ ಕಟ್ಟಡ ಕಟ್ಟಿ ಕಾವಲು ಹಾಕಿದ್ದಾರೆ.

ನಮ್ಮ ಸಂಘದಿಂದ ಈ ವರ್ಷ ಒಂದು ಸಣ್ಣ ವ್ಯವಸ್ಥೆ ಮಾಡಿದ್ದೇವೆ. ರಸ್ತೆ ಕೆಲಸದವರು ಹಾಕುವ, ಬ್ಯಾಟರಿ ಬೆಳಕಿಗೆ ಹೊಳೆಯುವ ಪಟ್ಟಿಯಿರುವ ಕಿತ್ತಳೆ ಅಂಗಿಗಳನ್ನು ತರಿಸಿ ಗೊಬ್ಬರದ ಡಿಪೋದಲ್ಲಿ ಇಟ್ಟಿದೆ. ರಾತ್ರಿ ಕಾಯಲು ಹೋಗುವವರೂ, ನಸುಕಿನಲ್ಲಿ ಅಡಿಕೆ ಹೆಕ್ಕುವ, ಕಾಫಿ ಕೊಯ್ಯಲು ಹೋಗುವ ಆಳುಗಳೂ ತೊಡಬಹುದು. ಅಸಲಿಗೆ ಕೊಡುತ್ತೇವೆ. ಹಂದಿಗೆ ಅದು ಮಸುಕು ಕಂದಾಗಿ ಕಾಣುತ್ತದೆ, ಹೆದರಬೇಕಾಗಿಲ್ಲ. ನೀಲ ಹಾಕಿ ಒಗೆದ ಬಿಳಿ ಪಂಚೆಯನ್ನು ಮಾತ್ರ ರಾತ್ರಿ ಉಡಬೇಡಿ, ಅದು ಹಂದಿಗೂ ಜಿಂಕೆಗೂ ಎದ್ದು ಕಾಣುತ್ತದೆ. ಕೋವಿ ಕೂರುವ ದಿನ ಪಕ್ಕದ ತೋಟಕ್ಕೆ ಒಂದು ಮಾತು ಹೇಳಿ ಕಳಿಸಿ. ಈಗ ಅದಕ್ಕೆ ಆಳು ಬೇಕಿಲ್ಲ, ಫೋನು ಇದೆ.

ಲಿಂಗಸುಗೂರಿನ ಆ ಹನ್ನೆರಡು ಕುಟುಂಬ ಜನವರಿ ಎರಡನೆಯ ವಾರ ಬಂದವು. ಮೇಸ್ತ್ರಿಯ ಕೈಯಲ್ಲಿ ಆ ರೈತರು ಹತ್ತು ಸೇರು ಜೋಳವನ್ನೂ ಒಂದು ಚೀಟಿಯನ್ನೂ ಕಳಿಸಿದ್ದರು. ಬಂದೂಕಿನ ಬಣ್ಣವನ್ನು ಮಗನಿಂದಲೇ ಥಿನ್ನರು ಹಾಕಿ ನಾಲ್ಕು ದಿನ ತಿಕ್ಕಿಸಿದರಂತೆ. ನಂಬರು ಮೇಲೆ ಬಂದಿದೆ. ಮರದ ಸಂದಿಯಲ್ಲಿ ಒಂದೆರಡು ಬೇವಿನ ಎಲೆ ಹಾಗೆಯೇ ಉಳಿದಿವೆಯಂತೆ. ಮಿಕ್ಕ ಬಣ್ಣವನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಹೊಡೆದಿದ್ದಾನೆ. ಈಗ ಕತ್ತಲಾದರೆ ಅದು ರಸ್ತೆಯಲ್ಲಿ ಯಾರಿಗೂ ಕಾಣುವುದಿಲ್ಲ, ಅದಕ್ಕೂ ಏನಾದರೂ ಬರೆದು ಕಳಿಸಿರಿ ಎಂದು ಚೀಟಿಯ ಕೊನೆಯಲ್ಲಿ ಬರೆದಿದ್ದರು. ಡಿಪೋದಿಂದ ಎರಡು ಗಜ ಹೊಳೆಯುವ ಪಟ್ಟಿ ಕತ್ತರಿಸಿ ಮೇಸ್ತ್ರಿಯ ಕೈಗೆ ಕೊಟ್ಟಿದ್ದೇನೆ.